ಎರೆಹೊಲದ ಇಲಿ, ಕಿಸೆಯೊಳಗಿನ ಉತ್ತರ

“ಕಾಕಾ, ಇದ್ರಾಗ ಯಾವ್ದು ಖರೇ?” ಎಂದು ಅಣ್ಣನ ಮಗಳು ಫೋನ್ ಹಿಡಿದುಕೊಂಡು ಬಂದಾಗ ನಾನು ಬೈಲಹೊಂಗಲದ ಮನೆಯ ಕಟ್ಟೆಯ ಮೇಲೆ ಕೂತಿದ್ದೆ. ಅವಳು ಶಾಲೆಯಲ್ಲಿ ಕಿತ್ತೂರು ರಾಣಿ ಚೆನ್ನಮ್ಮನ ಬಗ್ಗೆ ಮಾತನಾಡಬೇಕಿತ್ತು. ರಾಣಿ ತೀರಿಕೊಂಡ ದಿನವನ್ನು ಹುಡುಕಿದ್ದಳು. ಒಂದು ಕಡೆ 1829ರ ಫೆಬ್ರುವರಿ 2 ಎಂದಿತ್ತು, ಇನ್ನೊಂದು ಕಡೆ ಅದೇ ವರ್ಷದ ಫೆಬ್ರುವರಿ 21. ಹುಟ್ಟಿದ ದಿನದ ಪಾಡೂ ಅದೇ. ವರ್ಷ 1778 ಎಂದು ಬಹಳಷ್ಟು ಕಡೆ ಇದೆ, ತಾರೀಖಿಗೆ ಬಂದರೆ ಅಕ್ಟೋಬರ್ 23 ಎಂಬುದೂ ಓಡಾಡುತ್ತದೆ, ನವೆಂಬರ್ 14 ಎಂಬುದೂ ಓಡಾಡುತ್ತದೆ. ರಾಣಿ ಸೆರೆಯಲ್ಲಿ ಕೊನೆಯುಸಿರೆಳೆದದ್ದು ನಮ್ಮ ಊರಿನಲ್ಲಿ, ಸಮಾಧಿ ಇರುವುದೂ ಇಲ್ಲೇ. ನಾನು ಉತ್ತರ ಕೊಡುವ ಮುಂಚೆ ಅವಳೇ ತೀರ್ಮಾನಕ್ಕೆ ಬಂದಳು: “ಬಿಡು ಕಾಕಾ, ಹೆಚ್ಚ ಮಂದಿ ಏನ್ ಬರದಾರೋ ಅದನ್ನ ಹೇಳ್ತೀನಿ.”

ಆ ಹುಡುಗಿಗೆ ಗೊತ್ತಿಲ್ಲದೆಯೇ ಸರ್ಚ್ ಎಂಜಿನ್ನಿನ ಮೂಲಸೂತ್ರ ಅವಳ ಬಾಯಿಂದ ಬಂದಿತ್ತು. ಮೊದಮೊದಲ ಸರ್ಚ್ ಎಂಜಿನ್‌ಗಳು ಕೇಳಿದ ಪದ ಯಾವ ಪುಟದಲ್ಲಿ ಎಷ್ಟು ಸಲ ಬಂದಿದೆ ಎಂದು ಎಣಿಸುತ್ತಿದ್ದವು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್, ಬೇರೊಂದು ಲೆಕ್ಕ ಹೂಡಿದರು. ಒಂದು ಪುಟದ ಕಡೆಗೆ ಎಷ್ಟು ಪುಟಗಳು ಬೆರಳು ಮಾಡಿ ತೋರಿಸುತ್ತವೆ, ತೋರಿಸುವ ಪುಟಗಳಿಗೆ ಎಷ್ಟು ತೂಕ ಇದೆ ಎಂಬುದನ್ನು ಅಳೆದು ಸಾಲು ಹಚ್ಚಿದರು. 1998ರಲ್ಲಿ ಗೂಗಲ್ ಹುಟ್ಟಿದ್ದು ಈ ಲೆಕ್ಕದಿಂದ. ಈಗ ಅದಕ್ಕೆ ಇನ್ನೂ ನೂರಾರು ಲೆಕ್ಕಗಳು ಸೇರಿಕೊಂಡಿವೆ, ಆದರೂ ಬುಡದಲ್ಲಿರುವ ನಂಬಿಕೆ ಒಂದೇ: ಬಹಳ ಮಂದಿ ಹೋದ ಕಡೆ ಏನೋ ಇರಲೇಬೇಕು.

ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೊರಟವರಿಗೂ ಇದೇ ನಂಬಿಕೆ. ಯಾರೂ ದಾರಿ ಕೇಳುವುದಿಲ್ಲ. ಮುಂದೆ ಸಾಲುಗಟ್ಟಿದ ಚಕ್ಕಡಿ, ಉಧೋ ಉಧೋ ಎನ್ನುವ ಜನ, ಅವರ ಬೆನ್ನು ಹಿಡಿದರೆ ಸವದತ್ತಿ ದಾಟಿ ಗುಡ್ಡ ಮುಟ್ಟುತ್ತೇವೆ. ಅಲ್ಲಿ ಈ ನಂಬಿಕೆ ಸುಳ್ಳಾಗುವುದಿಲ್ಲ, ಏಕೆಂದರೆ ಗುಡಿ ಮೊದಲು ಇತ್ತು, ದಾರಿ ಆಮೇಲೆ ಬಿತ್ತು. ಅಂತರಜಾಲದಲ್ಲಿ ಹಾಗಲ್ಲ. ಒಬ್ಬರು ಎಲ್ಲಿಂದಲೋ ಒಂದು ತಾರೀಖು ಬರೆಯುತ್ತಾರೆ, ಹತ್ತು ಮಂದಿ ಅದನ್ನು ನಕಲು ಮಾಡುತ್ತಾರೆ, ಆ ಹತ್ತನ್ನು ನೋಡಿ ನೂರು ಮಂದಿ. ದಾರಿ ಅಗಲವಾಗಿ ಬಿದ್ದುಬಿಡುತ್ತದೆ, ಅದರ ತುದಿಯಲ್ಲಿ ಗುಡಿ ಇದೆಯೇ ಎಂದು ಯಾರೂ ಹೋಗಿ ನೋಡಿರುವುದಿಲ್ಲ. ರಾಣಿ ಯಾವತ್ತು ತೀರಿಕೊಂಡಳು ಎಂಬುದನ್ನು, ಎಷ್ಟು ಪುಟಗಳು ಹೇಳುತ್ತವೆ ಎಂಬ ಲೆಕ್ಕದಿಂದ ಇತ್ಯರ್ಥ ಮಾಡಲು ಬರುವುದಿಲ್ಲ. ಆ ವಾರ ಕಂಪನಿ ಸರಕಾರದ ಅಧಿಕಾರಿ ಬರೆದ ಒಂದೇ ಒಂದು ಕಾಗದ ಲಕ್ಷ ಪುಟಗಳಿಗಿಂತ ಭಾರ.

ಹುಡುಕಿದಾಗ ಸಿಕ್ಕಿದ ಮಾತ್ರಕ್ಕೆ ತಿಳಿದಂತಾಯಿತೇ? ನನ್ನ ಪ್ರಶ್ನೆ ಇದು. ಆಗಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗೆಂದು ಈ ಯಂತ್ರಗಳನ್ನು ಹಳಿಯುವ ಗುಂಪಿನವನು ನಾನಲ್ಲ. 1884ರಲ್ಲಿ ಅಚ್ಚಾದ ಮುಂಬಯಿ ಪ್ರಾಂತದ ಗೆಜೆಟಿಯರಿನ ಬೆಳಗಾವಿ ಸಂಪುಟವನ್ನು ನೋಡಬೇಕಾದರೆ ಒಂದು ಕಾಲಕ್ಕೆ ದೊಡ್ಡ ಗ್ರಂಥಾಲಯ ಇರುವ ಊರಿಗೆ ಹೋಗಬೇಕಿತ್ತು, ಒಳಗೆ ಬಿಡಿಸಿಕೊಳ್ಳಲು ಪತ್ರ ಬೇಕಿತ್ತು. ಇವತ್ತು ಅದು ಕಟ್ಟೆಯ ಮೇಲೆ ಕೂತವನ ಅಂಗೈಯಲ್ಲಿ ತೆರೆದುಕೊಳ್ಳುತ್ತದೆ. ಬಡವರ ಮನೆಯ ಮಕ್ಕಳಿಗೆ ಇದಕ್ಕಿಂತ ದೊಡ್ಡ ಉಪಕಾರ ನನ್ನ ಆಯುಷ್ಯದಲ್ಲಿ ಬೇರೆ ಯಾವ ಯಂತ್ರವೂ ಮಾಡಿದ್ದನ್ನು ನಾನು ಕಂಡಿಲ್ಲ.

ಆದರೆ ಅದೇ ಗೆಜೆಟಿಯರಿನಲ್ಲಿ ಬೈಲಹೊಂಗಲ ತಾಲ್ಲೂಕು ಎಂದು ಹುಡುಕಿ ನೋಡಿ, ಸಿಗುವುದಿಲ್ಲ. ಆಗ ಈ ಭಾಗವೆಲ್ಲ ಸಂಪಗಾವಿ ತಾಲ್ಲೂಕು. ಸವದತ್ತಿ ತಾಲ್ಲೂಕೂ ಸಿಗುವುದಿಲ್ಲ, ಅದರ ಹೆಸರು ಪರಸಗಡ. ರಾಮದುರ್ಗವಂತೂ ಜಿಲ್ಲೆಯ ತಾಲ್ಲೂಕೇ ಅಲ್ಲ, ಭಾವೆ ಮನೆತನದ ಸಂಸ್ಥಾನ. ಕಿತ್ತೂರು ತಾಲ್ಲೂಕಾದದ್ದು ನಿನ್ನೆ ಮೊನ್ನೆ. ಇನ್ನೂ ಹಿಂದೆ ಹೋಗಿ ರಟ್ಟರ ಕಾಲದ ಶಾಸನಗಳಿಗೆ ಬಂದರೆ ಸವದತ್ತಿ ಎಂಬುದು ಸುಗಂಧವರ್ತಿ. ಹೆಸರು ಗೊತ್ತಿದ್ದವನಿಗೆ ಯಂತ್ರ ಎಲ್ಲವನ್ನೂ ಕೊಡುತ್ತದೆ, ಗೊತ್ತಿಲ್ಲದವನನ್ನು ಬರಿಗೈಯಲ್ಲಿ ಕಳಿಸುತ್ತದೆ. ಕಳಿಸಿದ್ದು ಅವನಿಗೆ ಗೊತ್ತೂ ಆಗುವುದಿಲ್ಲ. ನಮ್ಮೂರಿಗೆ ಇತಿಹಾಸವೇ ಇಲ್ಲವೇನೋ ಎಂದುಕೊಂಡು ಪುಟ ಮುಚ್ಚುತ್ತಾನೆ.

ಕನ್ನಡದಲ್ಲೇ ಹುಡುಕಿದರೆ ತೊಡಕು ಇನ್ನೊಂದು ಬಗೆಯದು. ನಮ್ಮ ಪದಗಳು ಒಂದೇ ರೂಪದಲ್ಲಿ ನಿಲ್ಲುವುದಿಲ್ಲ. ಹೊಲ ಹೊಲಕ್ಕೆ ಆಗುತ್ತದೆ, ಹೊಲದಿಂದ ಆಗುತ್ತದೆ, ನಮ್ಮ ಬಾಯಲ್ಲಿ ಹೊಲದಾಗ ಆಗುತ್ತದೆ. ಸವದತ್ತಿಯಲ್ಲಿ ಎಂದು ಬರೆಯುವವರೇ ಸವದತ್ತ್ಯಾಗ ಎಂದು ಮಾತಾಡುತ್ತಾರೆ. ಇವೆಲ್ಲ ಒಂದೇ ಬೇರಿನವು ಎಂದು ಯಂತ್ರಕ್ಕೆ ಕಲಿಸಬೇಕು, ಕಲಿಸಲು ನಮ್ಮ ಬರಹ ರಾಶಿರಾಶಿಯಾಗಿ ಬೇಕು. ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದು ಕೋಡು ಕೊಡುವ ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಜಾಗವಿತ್ತು. ಹಾಗಿದ್ದೂ ವರ್ಷಾನುಗಟ್ಟಲೆ ನಮ್ಮ ಕಚೇರಿಗಳು, ಅಚ್ಚುಕೂಟಗಳು, ಸ್ಮರಣಸಂಚಿಕೆ ತರುವ ಸಂಘಗಳು ಹಳೆಯ ಫಾಂಟುಗಳಲ್ಲೇ ಕೆಲಸ ಮಾಡಿದವು. ಕಣ್ಣಿಗೆ ಅದು ಮುದ್ದಾದ ಕನ್ನಡ. ಒಳಗೆ ಇಂಗ್ಲಿಷ್ ಅಕ್ಷರಗಳ ಕೋಡಿನ ಮೇಲೆ ಕನ್ನಡದ ಅಕ್ಷರರೂಪ ಹೊದಿಸಿದ್ದು. ಯಂತ್ರ ಓದುವುದು ಒಳಗಿನ ಕೋಡನ್ನು, ಆದ್ದರಿಂದ ಅದರ ಲೆಕ್ಕದಲ್ಲಿ ಆ ಸಾವಿರಾರು ಪುಟಗಳು ಕನ್ನಡವೇ ಅಲ್ಲ. ಎಷ್ಟೋ ಊರಿನ ಚರಿತ್ರೆ ಹೀಗೆ ಕಂಪ್ಯೂಟರಿನೊಳಗೇ ಇದ್ದೂ ಕಾಣದಂತಾಗಿದೆ.

ಈಗ ಇಲಿಯ ವಿಷಯಕ್ಕೆ ಬರುತ್ತೇನೆ.

1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತದ್ದು ನಮ್ಮ ಕಡೆಯ ಪ್ರತಿ ಮಗುವಿಗೂ ಗೊತ್ತು. ಅಂದು ಕಿತ್ತೂರಿನವರ ಕೈಗೆ ಸೆರೆ ಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ಒಬ್ಬ ವಾಲ್ಟರ್ ಎಲಿಯಟ್. ಆಗ ಅವನಿಗೆ 21 ವರ್ಷ. ಬಿಡುಗಡೆಯಾದ ಮೇಲೆ ಅವನು ಈ ಸೀಮೆಯಲ್ಲೇ ಹಲವು ವರ್ಷ ಕೆಲಸ ಮಾಡಿದ. ಆಗ ಬೆಳಗಾವಿ ಬೇರೆ ಜಿಲ್ಲೆಯಾಗಿರಲಿಲ್ಲ, 1836ರ ವರೆಗೆ ಎಲ್ಲವೂ ಧಾರವಾಡಕ್ಕೆ ಸೇರಿತ್ತು. ಅವನು ಊರೂರಿನ ಶಾಸನಗಳ ಪ್ರತಿ ಮಾಡಿಸಿದ, ಒಟ್ಟು 595. ಮುಂದೆ ಜೆ. ಎಫ್. ಫ್ಲೀಟ್ ಕನ್ನಡ ನಾಡಿನ ರಾಜವಂಶಗಳ ಚರಿತ್ರೆ ಬರೆಯುವಾಗ ಈ ಪ್ರತಿಗಳು ಒದಗಿ ಬಂದವು. ಶಾಸನಗಳ ಜೊತೆಗೇ ಎಲಿಯಟ್ ಪ್ರಾಣಿಗಳನ್ನೂ ನೋಡುತ್ತ ಹೋದ. 1839ರಲ್ಲಿ ಮದ್ರಾಸಿನ ಪತ್ರಿಕೆಯೊಂದರಲ್ಲಿ ದಕ್ಷಿಣ ಮರಾಠಾ ಸೀಮೆಯ, ಅಂದರೆ ನಮ್ಮ ನಾಡಿನ, ಸಸ್ತನಿಗಳ ಪಟ್ಟಿ ಪ್ರಕಟಿಸಿದ. ಪ್ರಾಣಿಗಳಿಗೆ ಇಲ್ಲಿಯ ಜನ ಏನೆನ್ನುತ್ತಾರೆ ಎಂಬುದನ್ನು ಜೊತೆಗೆ ಬರೆದ. ಈ ಒಂದು ಕೆಲಸಕ್ಕಾಗಿ ನಾನು ಅವನಿಗೆ ಕೈಮುಗಿಯುತ್ತೇನೆ, ಕಂಪನಿಯ ನೌಕರನಾಗಿದ್ದರೂ ಸರಿ.

ಅವನ ಪಟ್ಟಿಯಲ್ಲಿ ಎರೆಹೊಲದ ಒಂದು ಇಲಿ ಇದೆ. ವಡ್ಡರ ಸಮುದಾಯದವರು ಅದನ್ನು ಮೆಟ್ಟಾಡೆ ಎನ್ನುತ್ತಿದ್ದರು. ಬೇಸಿಗೆಯಲ್ಲಿ ಎರೆ ಬಿರಿದಾಗ ಆ ಬಿರುಕುಗಳಲ್ಲೇ ಅದರ ಸಂಸಾರ. ಮೊದಲ ಮಳೆಗೆ ಬಿರುಕು ಮುಚ್ಚಿಕೊಂಡು ಲೆಕ್ಕವಿಲ್ಲದಷ್ಟು ಸಾಯುತ್ತವೆ. 1826ರಲ್ಲಿ ಮುಂಗಾರಿನ ಆರಂಭದ ಮಳೆ ಕೈಕೊಟ್ಟಿತು, ಬಿರುಕು ಮುಚ್ಚಲಿಲ್ಲ, ಇಲಿಗಳು ಸಾಯಲಿಲ್ಲ. ಬಿತ್ತಿದ ಬೀಜ ತಿಂದವು, ಉಳಿದು ಬೆಳೆದ ಜೋಳದ ದಂಟು ಹತ್ತಿ ತೆನೆ ಕಡಿದು ಬೀಳಿಸಿ ತಿಂದವು. ಹೊಲಕ್ಕೆ ಹೊಲವೇ ಹಾಳಾಗಿ ರೈತರಿಗೆ ಕಂದಾಯ ಕಟ್ಟಲಾಗಲಿಲ್ಲ. ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳು ಎಂದು ಮಾತಾಡಿ ವಡ್ಡರನ್ನು ಕರೆಸಿದರು, ಸಾವಿರಗಟ್ಟಲೆ ಕೊಂದರೂ ಸಂಖ್ಯೆ ಇಳಿದಂತೆ ಕಾಣಲಿಲ್ಲ. ಎಲಿಯಟ್ ಇದನ್ನೆಲ್ಲ ಕಣ್ಣಾರೆ ನೋಡಿ ಬರೆದಿದ್ದಾನೆ. ನೋಡಿ, ಇದು ವಿಜ್ಞಾನ. ಮಣ್ಣಿನ ಗುಣ, ಮಳೆಯ ಕಾಲ, ಪ್ರಾಣಿಯ ಬದುಕು, ರೈತನ ಕಂದಾಯ, ಎಲ್ಲವೂ ಒಂದೇ ಎಳೆಯಲ್ಲಿ. ಇದರ ಅರ್ಧ ತಿಳಿವಳಿಕೆ ಆ ವಡ್ಡರದು, ಬಿಲ ಅಗೆದು ಕೈಯಿಂದ ಹಿಡಿದವರದು. ಅವರ ಹೆಸರುಗಳು ಎಲ್ಲಿಯೂ ಉಳಿಯಲಿಲ್ಲ, ಅವರ ಒಂದು ಮಾತು ಮಾತ್ರ ಉಳಿಯಿತು.

ಅದು ಉಳಿದದ್ದೂ ಕೆಟ್ಟೇ. ಈ ಇಲಿಗಳ ಮಾದರಿಗಳಿಗೆ 1837ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಜೆ. ಇ. ಗ್ರೇ ಲ್ಯಾಟಿನ್ ಹೆಸರಿಟ್ಟ. ಲಂಡನ್ ತಲುಪುವಷ್ಟರಲ್ಲಿ ಮೆಟ್ಟಾಡೆಯ ‘ಟ್ಟ’ ಹೋಗಿ ‘ಲ್ಟ’ ಬಂದಿತ್ತು. ಇವತ್ತಿಗೂ ಜಗತ್ತಿನ ಎಲ್ಲ ಪುಸ್ತಕಗಳಲ್ಲಿ ಅದು ಮಿಲ್ಲಾರ್ಡಿಯಾ ಮೆಲ್ಟಾಡ. ಪೊದೆಗಳಲ್ಲಿರುವ ಇನ್ನೊಂದು ಇಲಿಗೆ ಎಲಿಯಟ್ ಕೊಟ್ಟ ಕನ್ನಡದ ಹೆಸರು ಗುಲಂಡಿ, ಲ್ಯಾಟಿನ್ನಿನಲ್ಲಿ ಅದು ಗೊಲುಂಡ ಎಲಿಯೋಟಿ. ನಕಲಿನಲ್ಲಿ ಹುಟ್ಟಿದ ತಪ್ಪು ಅಚ್ಚಾಗಿ ಶಾಶ್ವತವಾಗುವುದು ಗೂಗಲಿನ ಕಾಲದ ರೋಗ ಮಾತ್ರ ಅಲ್ಲ ಎಂಬುದಕ್ಕೆ ಇದು ಸಾಕ್ಷಿ. ಆದರೆ ಒಂದು ವ್ಯತ್ಯಾಸವಿದೆ, ನನ್ನ ಇಡೀ ವಾದ ನಿಂತಿರುವುದು ಆ ವ್ಯತ್ಯಾಸದ ಮೇಲೆ. ಪ್ರಾಣಿಶಾಸ್ತ್ರದ ಪದ್ಧತಿಯಲ್ಲಿ ಆ ಹೆಸರಿನ ಬೆನ್ನಿಗೆ ‘ಗ್ರೇ, 1837’ ಎಂದು ಬರೆದಿರುತ್ತಾರೆ. ಅದನ್ನು ಹಿಡಿದುಕೊಂಡು ಗ್ರೇ ಬರೆದ ಲೇಖನಕ್ಕೆ, ಅಲ್ಲಿಂದ ಎಲಿಯಟ್ಟನ ಪಟ್ಟಿಗೆ, ಅಲ್ಲಿಂದ ನಮ್ಮ ಹೊಲಕ್ಕೆ ವಾಪಸು ನಡೆದು ಬರಬಹುದು. ತಪ್ಪು ಎಲ್ಲಿ ಸೇರಿತು ಎಂದು ತೋರಿಸಬಹುದು. ವಿಜ್ಞಾನವೂ ತಪ್ಪುತ್ತದೆ, ಆದರೆ ತಾನು ನಡೆದ ಹೆಜ್ಜೆಗುರುತು ಅಳಿಸುವುದಿಲ್ಲ. ಅಣ್ಣನ ಮಗಳ ಫೋನಿನಲ್ಲಿ ಬಂದ ತಾರೀಖಿಗೆ ಅಂಥ ಹೆಜ್ಜೆಗುರುತು ಇರಲಿಲ್ಲ.

ಹೆಜ್ಜೆಗುರುತಿನ ಜೊತೆ ತಾರೀಖೂ ಬೇಕು. ಬೈಲಹೊಂಗಲ, ಸವದತ್ತಿಯ ಹತ್ತಿ ಬೆಳೆಗಾರರಿಗೆ ಇದು ಹೊಟ್ಟೆಪಾಡಿನ ಮಾತು. ಕಾಯಿಕೊರಕ ಹುಳವನ್ನು ಕೊಲ್ಲುವ ವಿಷ ಗಿಡದಲ್ಲೇ ಹುಟ್ಟುವಂತೆ ಮಾಡಿದ ಬಿಟಿ ಹತ್ತಿಗೆ ದೇಶದಲ್ಲಿ ಅನುಮತಿ ಸಿಕ್ಕಿದ್ದು 2002ರಲ್ಲಿ, ಎರಡು ಜೀನಿನ ಬಿಟಿ ಬಂದದ್ದು 2006ರಲ್ಲಿ. ಆಗ ಕಾಯಿಕೊರಕದ ಭಯ ತಪ್ಪಿತು ಎಂದು ಬರೆದವರು ಸುಳ್ಳು ಬರೆದಿರಲಿಲ್ಲ. ಗುಲಾಬಿ ಕಾಯಿಕೊರಕ ಒಂದು ಜೀನಿನ ಬಿಟಿಯನ್ನು ತಿಂದು ಅರಗಿಸಿಕೊಳ್ಳುತ್ತಿದೆ ಎಂಬುದು 2010ರ ಹೊತ್ತಿಗೆ ಗುಜರಾತಿನಲ್ಲಿ ಗೊತ್ತಾಯಿತು, ಕೆಲವೇ ವರ್ಷಗಳಲ್ಲಿ ಎರಡು ಜೀನಿನದೂ ಸೋತಿತು. 450 ಗ್ರಾಂ ಬಿಟಿ ಬೀಜದ ಜೊತೆಗೆ 120 ಗ್ರಾಂ ಬಿಟಿ ಅಲ್ಲದ ಬೀಜದ ಸಣ್ಣ ಪಾಕೀಟು ಬರುತ್ತಿತ್ತು. ಅದನ್ನು ಹೊಲದ ಸುತ್ತ ಬಿತ್ತಿದರೆ ವಿಷಕ್ಕೆ ಬಗ್ಗುವ ಹುಳಗಳೂ ಒಂದಿಷ್ಟು ಉಳಿದು, ಬಗ್ಗದವುಗಳ ಜೊತೆ ಕೂಡಿ, ವಿಷ ತಡೆಯುವ ಗುಣ ಹರಡುವುದು ನಿಧಾನವಾಗುತ್ತಿತ್ತು. ಹಾಗೇಕೆ ಬಿತ್ತಬೇಕು ಎಂದು ರೈತನ ಭಾಷೆಯಲ್ಲಿ ಕೂತು ಹೇಳಿದವರು ಕಡಿಮೆ, ಬಿತ್ತದೆ ಬಿಟ್ಟವರೇ ಹೆಚ್ಚು. ಇಂದು ಹುಡುಕಿದರೆ ಗೆದ್ದ ಕಾಲದ ಪುಟವೂ ಬರುತ್ತದೆ, ಸೋತ ಕಾಲದ ಪುಟವೂ ಬರುತ್ತದೆ, ಅಕ್ಕಪಕ್ಕದಲ್ಲಿ, ಒಂದೇ ದನಿಯಲ್ಲಿ. ಯಾವ ವರ್ಷದ ಮಾತು ಎಂದು ನೋಡದವನು ಹೊಲ ಕಳೆದುಕೊಳ್ಳುತ್ತಾನೆ. ಇನ್ನು ಫೋನಿಗೆ ಬಾಯಿಂದಲೇ ಕೇಳುವವರ ಕಷ್ಟ ಬೇರೆ. ನಮ್ಮ ಕಡೆ ಔಷಧ ಸಿಂಪಡಿಸುವುದಕ್ಕೆ ಎಣ್ಣಿ ಹೊಡೆಯುವುದು ಎನ್ನುತ್ತೇವೆ. “ಹತ್ತಿಗೆ ಕೀಡಿ ಬಿದ್ದಾವ, ಯಾವ ಎಣ್ಣಿ ಹೊಡೀಬೇಕು” ಎಂಬ ಪ್ರಶ್ನೆಯಲ್ಲಿನ ಎಣ್ಣಿ ಅಡುಗೆಯದಲ್ಲ ಎಂದು ಯಂತ್ರಕ್ಕೆ ತಿಳಿಯಬೇಕಾದರೆ, ನಮ್ಮಲ್ಲಿ ಯಾರಾದರೂ ಆ ಮಾತನ್ನು ಆ ಅರ್ಥದಲ್ಲಿ ಬರೆದಿಟ್ಟಿರಬೇಕು.

ಒಳಗೆ ಹಾಕದ್ದು ಯಂತ್ರದಿಂದ ಹೊರಗೆ ಬರುವುದಿಲ್ಲ ಎಂಬುದನ್ನು ರಾಮದುರ್ಗ, ಸುರೇಬಾನದ ನೇಕಾರರಿಗೆ ವಿವರಿಸುವ ಅಗತ್ಯವಿಲ್ಲ. ಜಕಾರ್ಡ್ ಮಗ್ಗದಲ್ಲಿ ಸೀರೆಯ ಅಂಚಿನ ಹೂವು ಮೂಡುವುದು ತೂತು ಹೊಡೆದ ರಟ್ಟಿನಿಂದ. ರಟ್ಟಿನಲ್ಲಿ ಇಲ್ಲದ ಹೂವು ಬಟ್ಟೆಯಲ್ಲಿ ಬರುವುದಿಲ್ಲ. ಕಂಪ್ಯೂಟರು ಹುಟ್ಟಿದ್ದೂ ಅದೇ ತೂತಿನ ರಟ್ಟಿನ ವಂಶದಲ್ಲಿ. ಈಚೆಗೆ ಸರ್ಚ್ ಎಂಜಿನ್‌ಗಳು ಪುಟಗಳ ಪಟ್ಟಿ ಕೊಡುವ ಮೊದಲೇ ತಾವೇ ವಾಕ್ಯ ಹೊಸೆದು ಉತ್ತರ ಹೇಳತೊಡಗಿವೆ. ವಾಕ್ಯ ನುಣುಪಾಗಿರುತ್ತದೆ, ಓದುವವರು ಅಲ್ಲಿಗೇ ನಿಲ್ಲುತ್ತಾರೆ, ಅದು ಯಾವ ರಟ್ಟಿನಿಂದ ಬಂತು ಎಂದು ಹಿಂದಕ್ಕೆ ಹೋಗುವವರು ಇನ್ನಷ್ಟು ಕಡಿಮೆಯಾಗುತ್ತಾರೆ. ನಮ್ಮ ನಾಲ್ಕು ತಾಲ್ಲೂಕಿನ ವಿಷಯದಲ್ಲಿ ಆ ರಟ್ಟು ಬಹುಪಾಲು ಖಾಲಿ. ಅದನ್ನು ತುಂಬಲು ಕ್ಯಾಲಿಫೋರ್ನಿಯಾದಿಂದ ಯಾರೂ ಬರುವುದಿಲ್ಲ, ಬರಬೇಕೆಂದು ಕಾಯುವುದೂ ಸರಿಯಲ್ಲ.

ಅಣ್ಣನ ಮಗಳು ಕೊನೆಗೆ ಶಾಲೆಯಲ್ಲಿ ಎರಡೂ ತಾರೀಖು ಹೇಳಿದಳು. ಯಾವುದು ಎಲ್ಲಿ ಸಿಕ್ಕಿತು ಎಂಬುದನ್ನೂ ಹೇಳಿದಳು. ಎಂಟನೆಯ ತರಗತಿಯ ಹುಡುಗಿ ಇಷ್ಟು ಮಾಡಬಲ್ಲಳು ಎಂದಾದರೆ ಇನ್ನೊಂದನ್ನೂ ಮಾಡಬಲ್ಲಳು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಶಿಕ್ಷಕರಲ್ಲಿ ನನ್ನ ವಿನಂತಿ ಇದು: ಈ ಬೇಸಿಗೆಯ ರಜೆಗೆ ಮಕ್ಕಳ ಕೈಗೆ ಒಂದೊಂದು ನೋಟ್‌ಬುಕ್ ಕೊಡಿ. ಹೊಲದ ಹುಳ, ಹುಲ್ಲು, ಹಕ್ಕಿ, ಇಲಿ, ಮಣ್ಣು, ಮಳೆ, ಒಂದೊಂದಕ್ಕೂ ಮನೆಯಲ್ಲಿ ಏನೆನ್ನುತ್ತಾರೆ ಎಂದು ಬರೆಸಿ. ಹೇಳಿದವರು ಯಾರು, ಯಾವ ಊರು, ಯಾವ ದಿನ ಎಂಬುದನ್ನು ಪಕ್ಕದಲ್ಲೇ ಬರೆಸಿ. ಆಮೇಲೆ ಅದನ್ನು ಯೂನಿಕೋಡಿನಲ್ಲಿ ಟೈಪ್ ಮಾಡಿಸಿ, ಎಲ್ಲರೂ ನೋಡುವ ಕಡೆ ಇಡಿ. ಓದುಗರೇ, ಗುಲಂಡಿ ಎಂಬ ಮಾತು ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಇನ್ನೂ ಉಳಿದಿದೆಯೇ? ಇವತ್ತೇ ಕೇಳಿ, ಬರೆದಿಡಿ.