"ಚೆನ್ನಾಗಿ ರೆಸ್ಟ್ ತಗೊಳ್ಳಿ" ಅನ್ನೋ ಕಾಯಿಲೆ

ಮಂಡಿ ಬದಲಾವಣೆ ಆಪರೇಶನ್ ಆದವರ ಮನೆಗೆ ಒಮ್ಮೆ ಹೋಗಿ ನೋಡಿ. ಎಳನೀರು, ಸೇಬು, ಹಾರ್ಲಿಕ್ಸ್ ಹಿಡಿದು ಬಂದವರೆಲ್ಲ ಏಳುವ ಮುಂಚೆ ಹೇಳೋದು ಒಂದೇ ಮಾತು - "ಇನ್ನು ಮೂರು ತಿಂಗಳು ಚೆನ್ನಾಗಿ ರೆಸ್ಟ್ ತಗೊಳ್ಳಿ, ಅಲ್ಲಾಡಬೇಡಿ." ನಮ್ಮ ದೊಡ್ಡಮ್ಮನ ಆಪರೇಶನ್ ಆದಾಗ ಇದನ್ನು ಕೇಳೀ ಕೇಳೀ ನನಗೆ ಮೈಯೆಲ್ಲ ಉರಿದುಹೋಗಿತ್ತು.

ಅಲ್ಲ ಸ್ವಾಮಿ, ಅಲ್ಲಾಡದೇ ಮಲಗಿರೋದಕ್ಕೆ ಹೊಸ ಮಂಡಿ ಯಾಕೆ? ಹಳೇದೇ ಸಾಕಿತ್ತಲ್ಲ!

ಆಪರೇಶನ್ನಿನಲ್ಲಿ ಸವೆದ ಮೂಳೆಯ ತುದಿ ಕತ್ತರಿಸಿ ಲೋಹದ ಹೊದಿಕೆ ಕೂರಿಸುತ್ತಾರೆ, ನಡುವೆ ಪಾಲಿಎಥಿಲೀನ್ ತುಂಡು. ಸಾಮಾನ್ಯವಾಗಿ ಅದು ಮೈಭಾರ ತಡೆಯೋದಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಿಲ್ಲ. ಅದಕ್ಕೇ ಡಾಕ್ಟರು ಅದೇ ದಿನ ಅಥವಾ ಮಾರನೇ ದಿನವೇ ವಾಕರ್ ಕೊಟ್ಟು ನಿಲ್ಲಿಸೋದು. ಕಾಯದೇ ಇರೋದು ಸುತ್ತಲಿನ ಮಾಂಸ. ಮಡಿಸದೆ, ಚಾಚದೆ ಬಿಟ್ಟರೆ ಒಳಗೆ ಗಾಯ ಮಾಯುವ ಅಂಗಾಂಶ ಬಿಗಿದುಕೊಂಡು ಕಾಲು ಮರದ ಕೊರಡಾಗುತ್ತೆ. ಆಮೇಲೆ ಅರಿವಳಿಕೆ ಕೊಟ್ಟು ಡಾಕ್ಟರೇ ಬಗ್ಗಿಸಬೇಕಾಗಬಹುದು. ಮಲಗಿಯೇ ಇದ್ದರೆ ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಬೇರೆ. ಪಾದವನ್ನು ಮೇಲೆ ಕೆಳಗೆ ಆಡಿಸಿ ಅನ್ನೋದು ಸುಮ್ಮನೆ ಅಲ್ಲ.

ನಾವೋ ಪ್ರೀತಿಯಿಂದ ಮಂಡಿ ಕೆಳಗೆ ದಿಂಬು ಇಡ್ತೀವಿ! ಹಾಯಾಗಿರುತ್ತೆ ನಿಜ, ಆದರೆ ಕಾಲು ಪೂರ್ತಿ ನೆಟ್ಟಗಾಗೋದನ್ನೇ ಮರೆಯುತ್ತೆ. ದಿಂಬು ಇಡೋದಾದರೆ ಹಿಮ್ಮಡಿ ಹತ್ತಿರ ಇಡಿ.

ಇನ್ನು ದುಡ್ಡಿನ ಮಾತು. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಗೆ ಬೆಲೆಯ ಮಿತಿ ಹಾಕಿತು. ಲಕ್ಷ ದಾಟುತ್ತಿದ್ದ ಕೋಬಾಲ್ಟ್ ಕ್ರೋಮಿಯಂ ಮಂಡಿ ಅವತ್ತು 54,720 ರೂಪಾಯಿಗೆ ಇಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದೆವು, ಸರಿ. ಆದರೆ ಆಪರೇಶನ್ನಿಗೆ ಲಕ್ಷಗಟ್ಟಲೆ ಸುರಿಯುವವರೇ ಫಿಸಿಯೋಥೆರಪಿ ಅಂದಕೂಡಲೇ "ಅದೆಲ್ಲ ದಂಡ" ಅಂತಾರೆ. ಹೊಸ ಹಾರ್ಡ್‌ವೇರ್ ಹಾಕಿಸಿ ಡ್ರೈವರ್ ಇನ್‌ಸ್ಟಾಲ್ ಮಾಡದೇ "ಕೆಲಸ ಮಾಡ್ತಿಲ್ಲ" ಅಂದ ಹಾಗಾಯ್ತು.

ಇದಕ್ಕಿಂತ ಮೋಸದ ಮಾತು ಇನ್ನೊಂದಿದೆ - "ಅಡುಗೆಮನೇಲಿ ಓಡಾಡ್ತಾರಲ್ಲ, ಅದೇ ಎಕ್ಸರ್‌ಸೈಜ್". ಒಂದು ಗಂಟೆ ನಿಂತು ಚಪಾತಿ ಬೇಯಿಸಿದರೆ ಕಾಲು ಬಾಯುತ್ತೆ, ಮಂಡಿ ಬಗ್ಗಲ್ಲ. ತೊಡೆಯ ಸ್ನಾಯು ಬಿಗಿಹಿಡಿದು ಬಿಡೋದು, ಕಾಲು ನೆಟ್ಟಗೆ ಎತ್ತೋದು, ಕುರ್ಚಿಯಲ್ಲಿ ಕೂತು ಮಡಿಸೋದು, ದಿನಾ ನಾಲ್ಕು ಹೆಜ್ಜೆ ಹೆಚ್ಚು ನಡೆಯೋದು - ಇದು ವ್ಯಾಯಾಮ. ಹೆಂಗಸರಿಗೆ ನಮ್ಮ ಮನೆಗಳಲ್ಲಿ ಎರಡೇ ದಾರಿ: ಹಾಸಿಗೆ, ಇಲ್ಲವೇ ಒಲೆ. ಅವರದ್ದೇ ಆದ ಅರ್ಧ ಗಂಟೆ ಕೊಡೋಕೆ ಮಾತ್ರ ಯಾರಿಗೂ ಪುರುಸೊತ್ತಿಲ್ಲ.

"ವಯಸ್ಸಾಯ್ತಲ್ಲಪ್ಪ, ನೋವಾಗುತ್ತೆ" ಅಂತೀರಾ? ವಾಜಪೇಯಿಯವರಿಗೆ 2000ದಲ್ಲಿ ಒಂದು, 2001ರಲ್ಲಿ ಇನ್ನೊಂದು ಮಂಡಿ ಬದಲಾಯಿಸಿದಾಗ ಎಪ್ಪತ್ತೈದು ದಾಟಿತ್ತು. 2004ರವರೆಗೆ ಪ್ರಧಾನಿಯಾಗಿಯೇ ಇದ್ದರು. ನೋವು ಇದ್ದೇ ಇರುತ್ತೆ. ಡಾಕ್ಟರು ಕೊಟ್ಟ ಮಾತ್ರೆಯನ್ನು ವ್ಯಾಯಾಮದ ಹೊತ್ತಿಗೆ ಹೊಂದಿಸಿಕೊಳ್ಳಿ, ಆಮೇಲೆ ಐಸ್ ಇಡಿ. ಹಾಗಂತ ಓಡೋದು, ಜಿಗಿಯೋದು ಬೇಡ. ಜ್ವರ ಬಂದರೆ, ಗಾಯ ಸೋರಿದರೆ, ಮೀನಖಂಡ ಊದಿ ನೋವಾದರೆ, ಉಸಿರು ಕಟ್ಟಿದರೆ ವ್ಯಾಯಾಮ ಬಿಟ್ಟು ತಕ್ಷಣ ಆಸ್ಪತ್ರೆಗೆ ಓಡಿಸಿ.

ಮುಂದಿನ ಸಲ ಯಾರನ್ನಾದರೂ ನೋಡೋಕೆ ಹೋದಾಗ ಸೇಬು ಒಯ್ಯದಿದ್ದರೂ ಪರವಾಗಿಲ್ಲ. "ಏಳಿ ಅತ್ತೆ, ಗೇಟಿನ ತನಕ ಹೋಗಿಬರೋಣ" ಅಂತ ವಾಕರ್ ಮುಂದಿಡಿ. ನಿಮ್ಮ ಮನೆಗಳಲ್ಲಿ ಹೇಗೆ? ಹೇಳಿ. ಬಯ್ಯೋರು ಬಯ್ಯಬಹುದು :)