ರಿಮ್ ಚಿಕ್ಕದಾಗಲಿ, ಬ್ರೇಕ್ ಚಿಕ್ಕದಾಗದಿರಲಿ

ಕನ್ನಡದ ಆಡುಮಾತಿನಲ್ಲಿ ‘ಚಕ್ರ’ ಎಂದರೆ ರಿಮ್ಮೂ ಟೈರೂ ಸೇರಿದ್ದು. ಹಾಗಾಗಿ ಗುಡ್ಡ ಹತ್ತುವ ಜೀಪಿಗೆ ಚಿಕ್ಕ ಚಕ್ರ ಹಾಕಿಸುತ್ತಾರೆ ಎಂದರೆ ಕೇಳಿದವರಿಗೆ ವಿಚಿತ್ರ ಅನ್ನಿಸುತ್ತದೆ. ಅಸಲಿಗೆ ಚಿಕ್ಕದಾಗುವುದು ಒಳಗಿನ ಲೋಹದ ರಿಮ್ ಮಾತ್ರ. ಟೈರಿನ ಹೊರಗಿನ ಎತ್ತರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ರಿಮ್ ಬಿಟ್ಟುಕೊಟ್ಟ ಜಾಗವನ್ನು ರಬ್ಬರ್ ತುಂಬುತ್ತದೆ.

ಆ ರಬ್ಬರಿಗಾಗಿಯೇ ಇಷ್ಟೆಲ್ಲ. 2020ರ ಮಹೀಂದ್ರ ಥಾರ್‌ನಲ್ಲಿ ದುಬಾರಿ ಮಾದರಿಗೆ 255/65 ಅಳತೆಯ ಟೈರಿನೊಂದಿಗೆ 18 ಇಂಚಿನ ರಿಮ್ ಬಂತು, ಅಗ್ಗದ್ದಕ್ಕೆ 245/75 ಅಳತೆಯ ಟೈರಿನೊಂದಿಗೆ 16 ಇಂಚಿನದು. ಲೆಕ್ಕ ಹಾಕಿದರೆ ಚಕ್ರದ ಒಟ್ಟು ವ್ಯಾಸದಲ್ಲಿ 15 ಮಿಲಿಮೀಟರ್ ಅಷ್ಟೇ ವ್ಯತ್ಯಾಸ. ಆದರೆ ಟೈರಿನ ಪಕ್ಕದ ಗೋಡೆ ಅಗ್ಗದ್ದರಲ್ಲಿ 18 ಮಿಲಿಮೀಟರ್ ಹೆಚ್ಚು. ಗಾಳಿ ಇಳಿಸಿದಾಗ ಹರಡಿಕೊಂಡು ಮರಳನ್ನು ಹಿಡಿಯುವುದು, ಕಲ್ಲು ಬಡಿದಾಗ ರಿಮ್ ಬಗ್ಗದಂತೆ ಕಾಯುವುದು ಈ ಗೋಡೆಯೇ. ಹೆಚ್ಚು ದುಡ್ಡು ಕೊಟ್ಟವರಿಗೆ ಸಿಕ್ಕಿದ್ದು ನೋಡಲು ಚೆಂದದ, ಕೆಸರಿಗೆ ಕಡಿಮೆ ಒಗ್ಗುವ ಚಕ್ರ.

ಆದ್ದರಿಂದ ರಿಮ್ ಚಿಕ್ಕದಾಗಿಸುವ ಆಸೆ ತಪ್ಪಲ್ಲ. ತಪ್ಪು ಶುರುವಾಗುವುದು ಆ ರಿಮ್ ಒಳಗಿನ ಬ್ರೇಕಿಗೆ ತಾಗಿದಾಗ. ಡಿಸ್ಕನ್ನು ಹಿಡಿಯುವ ಕ್ಯಾಲಿಪರ್‌ನ ಅಂಚನ್ನು ಗ್ರೈಂಡರ್‌ನಿಂದ ಸವರುವವರಿದ್ದಾರೆ; ಇನ್ನೊಂದು ಗಾಡಿಯ ಚಿಕ್ಕ ಡಿಸ್ಕ್ ತಂದು ಕೂರಿಸುವವರಿದ್ದಾರೆ. ಕ್ಯಾಲಿಪರ್ ಸವೆಸಿದರೆ ಅದರ ಬಲವೇ ಹೋಗುತ್ತದೆ. ಡಿಸ್ಕ್ ಚಿಕ್ಕದಾದರೆ ಅಷ್ಟೇ ಒತ್ತಡಕ್ಕೆ ಕಡಿಮೆ ತಡೆ, ಬಿಸಿ ಹೀರಿಕೊಳ್ಳಲು ಕಡಿಮೆ ಲೋಹ. ಹಿಂದು ಮುಂದಿನ ಬ್ರೇಕುಗಳ ಹೊಂದಾಣಿಕೆಯೂ ಕೆಡುತ್ತದೆ.

ಕೆಸರಿನಲ್ಲಿ ಹತ್ತು ಕಿಲೋಮೀಟರ್ ವೇಗದಲ್ಲಿ ತೆವಳುವಾಗ ಇದು ಗೊತ್ತೇ ಆಗುವುದಿಲ್ಲ. ಆದರೆ ಮುಂಬಯಿ, ಪುಣೆಯಿಂದ ಐದು ಕಿಲೋಮೀಟರ್ ಕೆಸರಿಗಾಗಿ ಹೊರಟವರು ಇನ್ನೂರು ಕಿಲೋಮೀಟರ್ ಡಾಂಬರಿನ ಮೇಲೆ ಓಡಿಸಿರುತ್ತಾರೆ, ನಡುವೆ ಒಂದು ಘಾಟಿಯನ್ನೂ ಇಳಿದಿರುತ್ತಾರೆ. ಜನ, ಸಾಮಾನು ಸೇರಿ ಎರಡು ಟನ್ ತೂಗುವ ಗಾಡಿ 500 ಮೀಟರ್ ಕೆಳಗಿಳಿಯುವಾಗ ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 30 ಲೀಟರ್ ನೀರನ್ನು ಕುದಿಬಿಂದುವಿಗೆ ತರುವಷ್ಟು. ಎಂಜಿನ್ ತಡೆದದ್ದು ಬಿಟ್ಟು ಉಳಿದದ್ದರಲ್ಲಿ ಬಹುಪಾಲು ಬ್ರೇಕಿನ ಪಾಲಿಗೆ. ಅದು ಸೋತರೆ ಪೆಟ್ಟು ತಿನ್ನುವುದು ಗಾಡಿಯಲ್ಲಿದ್ದವರಷ್ಟೇ ಅಲ್ಲ, ಎದುರಿನ ತಿರುವಿನಲ್ಲಿ ಬೈಕಿನ ಮೇಲೆ ಬರುವವರೂ.

ಕಾನೂನು ಈ ಸೂಕ್ಷ್ಮಕ್ಕೆ ಹೋಗುವುದಿಲ್ಲ. ತಯಾರಕರು ಮೂಲದಲ್ಲಿ ನಿಗದಿಪಡಿಸಿದ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಬದಲಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಬ್ರೇಕಿನ ವಿಷಯದಲ್ಲಿ ಈ ಬಿಗಿ ಸರಿಯೇ. ಆದರೆ ನಿಷೇಧವೊಂದರಿಂದಲೇ ಆಸೆ ಸಾಯುವುದಿಲ್ಲ, ಗ್ಯಾರೇಜಿನ ಹಿಂಬಾಗಿಲಿಗೆ ಹೋಗುತ್ತದೆ. ಕಾಡುದಾರಿಯ ಚಿತ್ರ ತೋರಿಸಿ ಗಾಡಿ ಮಾರುವ ಕಂಪನಿಗಳು, ತಮ್ಮದೇ ಬ್ರೇಕಿಗೆ ಹೊಂದುವ ಅತಿ ಚಿಕ್ಕ ರಿಮ್ಮನ್ನು ಪರೀಕ್ಷಿಸಿ ಎಲ್ಲ ಮಾದರಿಗಳಿಗೂ ಆಯ್ಕೆಯಾಗಿ ಕೊಡಬೇಕು. ಥಾರ್‌ನ ಅಗ್ಗದ ಮಾದರಿಗೆ ಕೊಟ್ಟದ್ದನ್ನು ದುಬಾರಿಯದಕ್ಕೆ ಕೊಡುವುದು ಅಸಾಧ್ಯದ ಕೆಲಸವೇನಲ್ಲ.

ಅಲ್ಲಿಯವರೆಗೆ ಗಾಡಿಯ ಮಾಲೀಕರು ಪಾಲಿಸಬೇಕಾದ ಕ್ರಮ ಒಂದೇ. ಯಾವ ರಿಮ್ ಹಿಡಿಸುತ್ತದೆ ಎಂಬುದನ್ನು ಬ್ರೇಕ್ ಹೇಳಬೇಕು. ಎಷ್ಟು ಬ್ರೇಕ್ ಉಳಿಯಬೇಕು ಎಂಬುದನ್ನು ರಿಮ್ ಹೇಳಬಾರದು.