ಕೇಳುವುದನ್ನೂ ಕಲಿಸಬೇಕು

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯ ಪ್ರಕಾರ, 2022ರಲ್ಲಿ ನಮ್ಮ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರು. ಅವರಲ್ಲಿ 13,044 ಮಂದಿ ವಿದ್ಯಾರ್ಥಿಗಳು. 365ರಿಂದ ಭಾಗಿಸಿ ನೋಡಿದೆ. ದಿನಕ್ಕೆ 35ಕ್ಕಿಂತ ಹೆಚ್ಚು. ನಮ್ಮ ತರಗತಿಯ ಅರ್ಧದಷ್ಟು ಬೆಂಚುಗಳು ಒಂದೇ ದಿನ ಖಾಲಿಯಾದ ಹಾಗೆ.

ಆ ಒಬ್ಬೊಬ್ಬರ ಪಕ್ಕದಲ್ಲೂ ಯಾರೋ ಕುಳಿತಿರುತ್ತಿದ್ದರು. ಹಾಜರಿ ಕರೆಯುವ ಮೇಡಂ, ಹಾಸ್ಟೆಲಿನ ವಾರ್ಡನ್, ದಿನಾ ಬಸ್ಸಿನಲ್ಲಿ ನೋಡುವ ಡ್ರೈವರಣ್ಣ ಇರುತ್ತಿದ್ದರು. ಏನೋ ಸರಿಯಿಲ್ಲ ಎಂದು ಅವರಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ಆದರೆ ಹೇಗೆ ಕೇಳುವುದು, ಕೇಳಿದ ಮೇಲೆ ಏನು ಮಾಡುವುದು ಎಂದು ನಮಗೆ ಕಲಿಸುವವರು ಕಡಿಮೆ. ನಮ್ಮ ಕಾಲೇಜಿನಲ್ಲಿ ಇದನ್ನು ಕಲಿಸಬೇಕು, ಉಪನ್ಯಾಸಕರಿಗೆ ಮಾತ್ರವಲ್ಲ, ಎಲ್ಲರಿಗೂ ಕಲಿಸಬೇಕು ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ‘ಗೇಟ್‌ಕೀಪರ್ ತರಬೇತಿ’ ಎನ್ನುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಕ್ವಿನೆಟ್ 1995ರಲ್ಲಿ ರೂಪಿಸಿದ ‘ಕ್ಯೂಪಿಆರ್’ ಅಂಥ ಒಂದು ತರಬೇತಿ. ಅದರಲ್ಲಿ ಮೂರು ಕೆಲಸಗಳಿವೆ: ನೇರವಾಗಿ ಕೇಳುವುದು, ಸಹಾಯ ಪಡೆಯುವಂತೆ ಒಪ್ಪಿಸುವುದು, ಸಹಾಯ ಮಾಡಬಲ್ಲವರ ಹತ್ತಿರ ಕರೆದುಕೊಂಡು ಹೋಗುವುದು. ಕಲಿಯಲು ಒಂದೆರಡು ಗಂಟೆ ಸಾಕು. ಇದನ್ನು ಕಲಿತವರು ಡಾಕ್ಟರ್ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಡಾಕ್ಟರ ಬಾಗಿಲಿನವರೆಗೆ ಜೊತೆಗೆ ನಡೆಯುವುದಷ್ಟೇ ಅವರ ಕೆಲಸ. ತರಬೇತಿ ಪಡೆದವರಿಗೆ ತಿಳಿವಳಿಕೆಯೂ ಕೇಳುವ ಧೈರ್ಯವೂ ಹೆಚ್ಚುತ್ತವೆ ಎಂದು ಅಧ್ಯಯನಗಳು ತೋರಿಸಿವೆ. ಇದೊಂದರಿಂದಲೇ ಎಲ್ಲ ಸಾವು ನಿಲ್ಲುತ್ತದೆ ಎಂದು ಯಾರೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ.

ಮೊದಲ ಆಕ್ಷೇಪ ನನಗೆ ಗೊತ್ತು. ‘ಸಾಯಬೇಕು ಅನ್ನಿಸುತ್ತಿದೆಯಾ?’ ಎಂದು ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತುಂಬಿದಂತಾಗುವುದಿಲ್ಲವೇ? ಇಲ್ಲ. ಈ ಭಯ ತಪ್ಪು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಕೇಳಿದರೆ ಎಷ್ಟೋ ಜನರಿಗೆ ಹಗುರವೇ ಆಗುತ್ತದೆ, ಕೊನೆಗೂ ಯಾರೋ ಕೇಳಿದರಲ್ಲ ಎಂದು.

ಎರಡನೆಯದು ನಮ್ಮ ಮನೆಗಳದ್ದು. ‘ಖುದ್‌ಕುಶಿ’ ಎಂಬ ಮಾತನ್ನೇ ಮನೆಯಲ್ಲಿ ತೆಗೆಯಬಾರದು, ಅದು ಹರಾಮ್, ಅದರ ಮಾತೇಕೆ ಎನ್ನುತ್ತಾರೆ. ಜೊತೆಗೆ ‘ಲೋಗಾಂ ಕ್ಯಾ ಬೋಲೇಂಗೆ’ ಎಂಬ ಹೆದರಿಕೆ. ಹರಾಮ್ ಎಂಬುದು ನನಗೂ ಗೊತ್ತು. ಆದರೆ ಹರಾಮ್ ಎಂದಿರುವುದು ಆ ಕೃತ್ಯವನ್ನು. ನೋವನ್ನು ಹೇಳಿಕೊಳ್ಳುವುದನ್ನು ಯಾರೂ ಹರಾಮ್ ಎಂದಿಲ್ಲ. ಸಂಕಟದಲ್ಲಿರುವ ಹುಡುಗನಿಗೆ ಮೊದಲೇ ‘ಗುನಾಹ್’ ಎಂದುಬಿಟ್ಟರೆ ಅವನು ಯೋಚನೆ ಬಿಡುವುದಿಲ್ಲ, ನಮಗೆ ಹೇಳುವುದನ್ನು ಬಿಡುತ್ತಾನೆ.

ಭಾಷೆಯ ಮಾತೂ ಇದೆ. ನಮ್ಮಲ್ಲಿ ಬಹಳ ಮಂದಿ ಕ್ಲಾಸಿನಲ್ಲಿ ಕನ್ನಡ, ಇಂಗ್ಲಿಷ್ ಮಾತಾಡುತ್ತೇವೆ. ಆದರೆ ದುಃಖ ಬಂದಾಗ ಬರುವುದು ಮನೆಮಾತು. ‘ಜೀನಾಚ್ ನಕ್ಕೋ’ ಎಂದು ಯಾರಾದರೂ ನಗುತ್ತಲೇ ಹೇಳಿದರೆ, ಅದು ತಮಾಷೆಯೋ ಅಲ್ಲವೋ ಎಂದು ತಿಳಿಯುವವರು ಆ ಮಾತು ಬಲ್ಲ ಗೆಳೆಯರು, ಕ್ಯಾಂಟೀನ್ ಚಾಚಾ, ಅಟೆಂಡರ್ ಖಾಲಾ. ತಿಂಗಳಿಗೊಮ್ಮೆ ಬಂದು ಭಾಷಣ ಮಾಡಿ ಹೋಗುವವರಿಗೆ ಅದು ಕೇಳಿಸುವುದೇ ಇಲ್ಲ. ತರಬೇತಿ ಎಲ್ಲರಿಗೂ ಬೇಕು ಎಂದು ನಾನು ಹೇಳುತ್ತಿರುವುದು ಇದಕ್ಕೇ.

ಗೆಳೆಯರಿಗೆ ಇನ್ನೊಂದು ಮಾತು. ಗುಟ್ಟು ಕಾಯುವುದು ದೋಸ್ತಿ ಎಂದು ನಾವು ನಂಬಿದ್ದೇವೆ. ಈ ಒಂದು ಗುಟ್ಟನ್ನು ಮಾತ್ರ ಕಾಯಬಾರದು. ‘ಯಾರಿಗೂ ಹೇಳಬೇಡ’ ಎಂದರೂ ನಂಬಿಕಸ್ತ ದೊಡ್ಡವರೊಬ್ಬರಿಗೆ ಹೇಳಲೇಬೇಕು, ಅವರು ಬರುವವರೆಗೆ ಗೆಳೆಯನನ್ನು ಒಂಟಿಯಾಗಿ ಬಿಡಬಾರದು. ಪೊಲೀಸ್ ಕೇಸ್ ಆಗುತ್ತದೆಂದು ಹೆದರಿ ಎಷ್ಟೋ ಮನೆಯವರು ಮುಚ್ಚಿಡುತ್ತಾರೆ. ಆದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. ಬೇರೆ ರೀತಿ ಸಾಬೀತಾಗದ ಹೊರತು ಅವರಿಗೆ ಶಿಕ್ಷೆ ಇಲ್ಲ. ಅವರಿಗೆ ಚಿಕಿತ್ಸೆ, ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ.

ನಮ್ಮ ಪ್ರಾಂಶುಪಾಲರಿಗೂ ಆಡಳಿತ ಮಂಡಳಿಗೂ ನನ್ನ ವಿನಂತಿ ಇಷ್ಟೇ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಕ್ಕೆ ಒಂದು ಪತ್ರ ಬರೆದು ತರಬೇತಿ ಕೇಳಿ. ಪ್ರತಿ ಸೆಕ್ಷನ್‌ನಿಂದ ಇಬ್ಬರು ವಿದ್ಯಾರ್ಥಿಗಳು, ಉಪನ್ಯಾಸಕರು, ಕಚೇರಿ ಸಿಬ್ಬಂದಿ, ಬಸ್ ಡ್ರೈವರ್‌ಗಳು ಒಟ್ಟಿಗೆ ಕೂತು ಕಲಿಯಲಿ. ಇದು ಫಲಿತಾಂಶ ಬರುವುದಕ್ಕೆ ಮೊದಲು ಆಗಲಿ. ಎರಡನೇ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಒಂದರಲ್ಲಿ ಹೋದದ್ದನ್ನು ಇನ್ನೊಂದರಲ್ಲಿ ಪಡೆಯಬಹುದು. ಫಲಿತಾಂಶದ ದಿನ ಅದನ್ನು ಪಕ್ಕದಲ್ಲಿ ಕೂತು ಹೇಳುವವರು ಬೇಕು.

ಇದನ್ನು ಓದುತ್ತಿರುವ ನಿಮಗೇ ಈಗ ಕಷ್ಟವಾಗಿದ್ದರೆ, ತರಬೇತಿ ಆಗುವವರೆಗೆ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಒಬ್ಬರೇ ಮಾಡಲು ಧೈರ್ಯ ಸಾಲದಿದ್ದರೆ ಪಕ್ಕದ ಬೆಂಚಿನವರನ್ನು ಕರೆಯಿರಿ, ಇಬ್ಬರೂ ಸೇರಿ ಮಾಡಿ.